ಸಾವಿರದ ನೂರ ನಲವತ್ತು ಪತ್ರ, ಲೆಕ್ಕಕ್ಕೆ ಎರಡೇ

ಬೆಳಗಿನ ಐದೂವರೆ. ಬಾನುಲಿ ಕೇಂದ್ರದ ಹಿಂಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ಆಗಲೇ ದೀಪ ಹೊತ್ತಿದೆ. ಮೇಜಿನ ಮೇಲೆ ನಿನ್ನೆಯ ಟಪಾಲು, ಒಂದು ಕತ್ತರಿ, ಅಂಟಿನ ಬಾಟಲಿ. ಕಾಗದದಕ್ಕ ಪ್ರತಿ ಲಕೋಟೆಯನ್ನೂ ದೀಪಕ್ಕೆ ಹಿಡಿದು, ಒಳಗಿನ ಹಾಳೆ ಯಾವ ಕಡೆಗಿದೆ ಎಂದು ನೋಡಿ, ಆಮೇಲಷ್ಟೇ ಅಂಚು ಕತ್ತರಿಸುತ್ತಾರೆ. "ಪಾಪ, ಅವರು ಅಷ್ಟು ಕೂತು ಬರ್ದಿರ್ತಾರೆ. ನಾವು ಕಚಕ್ ಅಂತ ಎರಡು ತುಂಡು ಮಾಡಿಬಿಟ್ರೆ?" ಎನ್ನುತ್ತಾರೆ ತಲೆಯೆತ್ತದೆ. ಆರೂವರೆಗೆ ಉದ್ಘೋಷಕರು ಮೈಕಿನ ಮುಂದೆ ಕೂರುವಷ್ಟರಲ್ಲಿ ಅಂದು ಓದಬೇಕಾದ ಆರು ಪತ್ರ ಅವರ ಕೈಯಲ್ಲಿರಬೇಕು.

ಇವರ ನಿಜವಾದ ಹೆಸರು ಗೊತ್ತಿರುವುದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಇವರು ಕಾಗದದಕ್ಕ. ಅಚ್ಚುಮೊಳೆ ಜೋಡಿಸುತ್ತಿದ್ದ ಗಂಡ ತೀರಿಕೊಂಡಾಗ ಇವರಿಗೆ ಇಪ್ಪತ್ತೇಳು. ಟಪಾಲು ವಿಂಗಡಿಸಲು ಮೂರು ತಿಂಗಳ ಮಟ್ಟಿಗೆಂದು ಬಂದವರು, ಒಂಬತ್ತು ವರ್ಷ ಹಂಗಾಮಿಯಾಗಿಯೇ ದುಡಿದು, ಆಮೇಲೆ ಕಾಯಂ ಆದರು. ಒಟ್ಟು ಇಪ್ಪತ್ತೆಂಟು ವರ್ಷ. ದಿನಕ್ಕೆ ನಲವತ್ತು, ಐವತ್ತು ಪತ್ರ ಓದುತ್ತಾರೆ. ಇಪ್ಪತ್ತೈದಕ್ಕಾದರೂ ಉತ್ತರ ಬರೆಯುತ್ತಾರೆ. ಮನೆಯಲ್ಲಿ ಇರುವವರು ಅತ್ತೆ ಒಬ್ಬರೇ. ವಯಸ್ಸು ಎಂಬತ್ತನಾಲ್ಕು, ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ.

ಇಷ್ಟೆಲ್ಲ ನಡೆಯುವುದು ಬೆಳಗಿನ ಒಂದು ಗಂಟೆಗಾಗಿ. ಇಂದು ಯಾವ ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಕೂರುತ್ತಾರೆ, ಎಲ್ಲಿ ರಸ್ತೆ ಅಗೆದಿದ್ದಾರೆ, ಯಾವ ಬಡಾವಣೆಗೆ ನೀರು ಬರುವುದಿಲ್ಲ, ಯಾರ ಮನೆಯವರು ಕಾಣೆಯಾಗಿದ್ದಾರೆ, ಎಲ್ಲವೂ ಆ ಒಂದು ಗಂಟೆಯಲ್ಲಿ ಬರುತ್ತದೆ. ಆ ಗಂಟೆಯ ಮೇಲೇ ಈಗ ಕತ್ತಿ ತೂಗುತ್ತಿದೆ. ಸರ್ಕಾರ ಸಾರ್ವಜನಿಕ ಬಾನುಲಿಯ ಅನುದಾನದಲ್ಲಿ ಮೂರನೇ ಒಂದು ಪಾಲು ಕಡಿದಿದೆ. ಈ ಕೇಂದ್ರವೂ ಸೇರಿ ಹನ್ನೊಂದು ಸಣ್ಣ ಕೇಂದ್ರಗಳು ಬೆಳಗಿನ ಕಾರ್ಯಕ್ರಮ ನಿಲ್ಲಿಸಿ, ರಾಜಧಾನಿಯಿಂದ ಬಂದದ್ದನ್ನೇ ಬಿತ್ತರಿಸಬೇಕು ಎಂಬ ಪ್ರಸ್ತಾಪ ಬಂದಿದೆ. ತೀರ್ಮಾನಕ್ಕೆ ಮೊದಲು ಒಂದು ಸಮಿತಿ ಕೇಳುಗರ ಅಭಿಪ್ರಾಯ ಕೇಳಿತು.

ಸುದ್ದಿ ಬಂದ ದಿನ ಕೇಂದ್ರದಲ್ಲಿ ಎಲ್ಲರೂ ಕೈಚೆಲ್ಲಿ ಕೂತರು. ಕಾಗದದಕ್ಕ ಕೂರಲಿಲ್ಲ. ನಮ್ಮನ್ನು ಉಳಿಸಿ ಎಂದು ಮೈಕಿನಲ್ಲಿ ಕೇಳಿಕೊಳ್ಳುವ ಹಾಗಿಲ್ಲ, ನಿಯಮ ಬಿಡುವುದಿಲ್ಲ. ರಜೆ ಹಾಕಿ ಬೀದಿಗಿಳಿಯಲು ಅಡ್ಡಿಯೇನು? ಸರ್ಕಾರಿ ಭಾಷೆಯಲ್ಲಿ ಗಂಭೀರವಾದ ಒಂದು ಮಾದರಿ ಪತ್ರ ಬರೆದು, ಪ್ರತಿ ತೆಗೆಸಿ, ಗ್ರಂಥಾಲಯ, ಬಸ್ ನಿಲ್ದಾಣ, ಆಸ್ಪತ್ರೆಯ ಸಾಲುಗಳಲ್ಲೆಲ್ಲ ಹಂಚಿದರು. ಎಡವಟ್ಟಾದದ್ದೇ ಇಲ್ಲಿ. ರೇಡಿಯೊ ಕೇಳುಗರೆಂದರೆ ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಂಡು ರೂಢಿಯಾದವರು. ವಿಳಾಸವೋ ಔಷಧಿಯ ಹೆಸರೋ, ಒಂದು ಕೊಂಬೂ ತಪ್ಪದಂತೆ ಇಳಿಸಿಕೊಳ್ಳುವ ಜನ. ಮಾದರಿ ಪತ್ರವನ್ನೂ ಅಷ್ಟೇ ಶ್ರದ್ಧೆಯಿಂದ ನಕಲು ಮಾಡಿ ಕಳಿಸಿದರು. 'ಇಲ್ಲಿ ನಿಮ್ಮ ಹೆಸರು ಬರೆಯಿರಿ' ಎಂಬ ಸಾಲನ್ನೂ ಬಿಡದೆ ಬರೆದವರು ಅರವತ್ತು ಜನ!

ಸಮಿತಿಯ ಉತ್ತರ ಬಂತು. ತಲುಪಿದ ಪತ್ರಗಳು 1,140. ಒಂದೇ ಒಕ್ಕಣೆಯವನ್ನು ಒಂದೆಂದು ಎಣಿಸಲಾಗಿದೆ. ಪರಿಗಣಿಸಿದ ಅಭಿಪ್ರಾಯಗಳು 2.

"ಯಾರೋ ಮುಚ್ಚೋಕೆ ಹೊರಟಿದ್ರು, ನಾನೇ ಹೋಗಿ ಬೀಗ ಕೊಟ್ಟು ಬಂದಿದ್ದೆ," ಎನ್ನುತ್ತಾರೆ ಕಾಗದದಕ್ಕ.

ಒಂದೇನೋ ಮಾದರಿಯದು. ಎರಡನೆಯದು ಯಾರದು? ಮನೆಯಲ್ಲೇ ಉತ್ತರ ಸಿಕ್ಕಿತು. "ನಂದೇ ಇರ್ಬೇಕು," ಎಂದರು ಅತ್ತೆ, ಏನೂ ಆಗಿಲ್ಲವೆಂಬಂತೆ. "ನಿನ್ನ ಒಕ್ಕಣೆ ಚೆನ್ನಾಗೇ ಇತ್ತು ಕಣೇ. ಆದ್ರೆ ಅದ್ರಲ್ಲಿ ನಾನೆಲ್ಲಿದ್ದೆ?" ಮಂಜುಗಣ್ಣಿನಲ್ಲಿ, ಪುಟಕ್ಕೆ ಆರೇ ಸಾಲು ಹಿಡಿಯುವಷ್ಟು ದಪ್ಪಕ್ಷರದಲ್ಲಿ ಅವರು ಬರೆದದ್ದು ಉದ್ಘೋಷಕರ ಮೇಲಿನ ದೂರು. ಆ ಮನುಷ್ಯ ಮಾತಿನ ಕೊನೆ ನುಂಗುತ್ತಾನೆ. ಆದರೂ ಕಣ್ಣಿನ ಡಾಕ್ಟರು ಯಾವತ್ತು ಬರುತ್ತಾರೆಂದು ತನಗೆ ಹೇಳುವವನು ಅವನೊಬ್ಬನೇ. ಅವನನ್ನು ಬೈಯುವುದಕ್ಕಾದರೂ ಅವನು ಬೇಕು.

ಅಭಿಪ್ರಾಯ ಕಳಿಸುವ ಗಡುವಿಗೆ ಇನ್ನು ಉಳಿದದ್ದು ಹತ್ತೊಂಬತ್ತು ದಿನ. ಕಾಗದದಕ್ಕ ಮಾದರಿಗಳನ್ನೆಲ್ಲ ಹರಿದು ಹಾಕಿದರು. ಪಾಳಿ ಮುಗಿದ ಮೇಲೆ ದಿನಾ ಖಾಲಿ ಹಾಳೆಗಳ ಕಟ್ಟು ಹಿಡಿದು ಹೊರಟರು. ಈ ಸಲ ಜನರ ಮುಂದಿಟ್ಟದ್ದು ಮೂರೇ ಪ್ರಶ್ನೆ: ರೇಡಿಯೊ ಕೇಳುವಾಗ ಏನು ಕೆಲಸ ಮಾಡ್ತಿರ್ತೀರಿ? ಅದರಿಂದ ನಿಮಗೆ ಆದ ಒಂದು ಉಪಕಾರ ಯಾವುದು? ನಾಳೆ ಅದು ನಿಂತರೆ ಯಾರನ್ನ ಕೇಳ್ತೀರಿ?

ಬಸ್ ಡಿಪೋದಲ್ಲಿ ಒಬ್ಬ ಚಾಲಕ ತಲೆ ಕೆರೆದುಕೊಂಡ. "ರಸ್ತೆ ಎಲ್ಲಿ ಅಗೆದಿದ್ದಾರೆ ಅಂತ ಡಿಪೋದವರು ಹೇಳಲ್ಲ ಅಕ್ಕಾ, ರೇಡಿಯೊದವರು ಹೇಳ್ತಾರೆ. ಅಷ್ಟೇ."

"ಅಷ್ಟನ್ನೇ ಬರೀರಿ."

"ಇದನ್ನ ಓದಿ ಸರ್ಕಾರದವರು ನಗಲ್ವಾ?"

"ನಗ್ಲಿ ಬಿಡಿ. ನಗ್ಬೇಕು ಅಂದ್ರೂ ಓದ್ಲೇಬೇಕಲ್ಲ!"

ಇಸ್ತ್ರಿ ಅಂಗಡಿಯ ಹೆಂಗಸಿಗೆ ಬರವಣಿಗೆ ಅಷ್ಟಕ್ಕಷ್ಟೆ. ಮೂರನೇ ತರಗತಿಯ ಮಗಳು ತಪ್ಪಿಸಿಕೊಂಡ ಬೆಳಗ್ಗೆ ಕೇಂದ್ರದವರು ಹತ್ತು ನಿಮಿಷಕ್ಕೊಮ್ಮೆ ಗುರುತು ಹೇಳಿದ್ದು, ಹಾಲಿನ ಗಾಡಿಯವರು ಕೇಳಿಸಿಕೊಂಡು ಮಗುವನ್ನು ಕರೆತಂದದ್ದು, ಇಷ್ಟನ್ನು ನಾಲ್ಕು ಸಾಲಿಗಿಳಿಸಲು ಆಕೆಗೆ ಒಂದು ಗಂಟೆ ಹಿಡಿಯಿತು. ಬಟ್ಟೆಗಳ ರಾಶಿ ಹಾಗೇ ಕಾದು ಕೂತಿತ್ತು. "ನೀವೇ ಬರ್ದುಬಿಡಿ ಅಕ್ಕಾ," ಎಂದು ಎರಡು ಸಲ ಅಂಗಲಾಚಿದರು. ತಪ್ಪು ತಿದ್ದಲು ಕಾಗದದಕ್ಕನ ಕೈ ತುರಿಸುತ್ತಿತ್ತು. ಕೊನೆಗೆ ಎರಡೂ ಕೈಯನ್ನು ತೊಡೆ ಕೆಳಗಿಟ್ಟುಕೊಂಡು ಕೂತರಂತೆ.

ಕೊನೆಯ ದಿನ ಎರಡು ಚೀಲ ಹೊತ್ತು ಸಮಿತಿಯ ಕಚೇರಿಗೆ ಹೋದರು. ಟಪಾಲು ಗುಮಾಸ್ತರು ಚೀಲ ನೋಡಿ ಬೆಚ್ಚಿಬಿದ್ದರು. "ಎಲ್ಲಾ ಸೇರಿಸಿ ಒಂದೇ ಸ್ವೀಕೃತಿ ಕೊಡ್ತೀನಿ ಮೇಡಂ."

"ಬೇಡ ಸಾರ್. ಒಂದೊಂದಕ್ಕೂ ಮೊಹರು ಬೀಳ್ಬೇಕು. ನಾನು ಕೂತಿರ್ತೀನಿ, ನಿಧಾನಕ್ಕೆ ಹಾಕಿ."

ಬೆಳಗ್ಗೆ ಹತ್ತಕ್ಕೆ ಶುರುವಾದದ್ದು ಮುಗಿದಾಗ ಸಂಜೆ ಐದು ದಾಟಿತ್ತು. ಮೊದಮೊದಲು ಸಿಡಿಮಿಡಿ ಎನ್ನುತ್ತಿದ್ದ ಗುಮಾಸ್ತರು ಮಧ್ಯಾಹ್ನದ ಹೊತ್ತಿಗೆ ಮೊಹರು ಕೈಯಲ್ಲೇ ಹಿಡಿದು ಪತ್ರ ಓದತೊಡಗಿದ್ದರು. "ಆ ಮಗು ಸಿಕ್ತಾ ಮೇಡಂ?" ಎಂದು ಇಸ್ತ್ರಿ ಅಂಗಡಿಯ ಪತ್ರದ ಕೊನೆಯ ಸಾಲು ತಲುಪುವ ಮೊದಲೇ ಕೇಳಿದರು. ಇವರು, "ಮುಂದೆ ಓದಿ," ಎಂದರು.

ಕಳೆದ ವಾರ ಸಮಿತಿಯ ವರದಿ ಬಂದಿದೆ. ಈ ಸಲ ತಲುಪಿದ ಪತ್ರಗಳು 806, ಪರಿಗಣಿಸಿದವು 806. ಬೆಳಗಿನ ಗಂಟೆಯನ್ನು ನಿಲ್ಲಿಸುವ ಪ್ರಸ್ತಾಪ ಒಂದು ವರ್ಷ ಮುಂದಕ್ಕೆ ಹೋಗಿದೆ. ಗೆದ್ದೆವೆಂದು ಕುಣಿಯುವಂತೇನಿಲ್ಲ, ಕಡಿದ ಅನುದಾನ ಕಡಿದಂತೆಯೇ ಇದೆ. "ಒಂದು ವರ್ಷ ಅಂದ್ರೆ ಮುನ್ನೂರ ಅರವತ್ತೈದು ಬೆಳಗು. ಕಡಿಮೆಯಾ? ಮುಂದಿನ ವರ್ಷ ಮತ್ತೆ ಕೇಳಿದ್ರೆ ಮತ್ತೆ ಬರಿಸೋಣ," ಎನ್ನುತ್ತಾರೆ ಕಾಗದದಕ್ಕ. ಅದನ್ನು ಹೇಳುವಾಗ ಮುಖದಲ್ಲಿ ದಣಿವಿಲ್ಲ.

ಈ ಸಲದ ಪತ್ರಗಳನ್ನೆಲ್ಲ ವರದಿಯ ಕೊನೆಗೆ ಇದ್ದದ್ದು ಇದ್ದ ಹಾಗೆ, ತಪ್ಪು ಒಪ್ಪುಗಳ ಸಮೇತ ಅಚ್ಚು ಹಾಕಿದ್ದಾರೆ. ಕಾಗದದಕ್ಕ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದ್ದಾರೆ. ಹೇಗನಿಸಿತು ಎಂದು ಕೇಳಿದರೆ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

"ಪೂರ್ತಿ ಹುಡುಕಿದೆ," ಎನ್ನುತ್ತಾರೆ. "ನಾನು ಬರ್ದಿದ್ದು ಒಂದಕ್ಷರಾನೂ ಇಲ್ಲ."