ಕೆಂಪು ಬಟ್ಟೆಯ ಗೂಟ

ಟೀಚರ ಶ್ರದ್ಧಾಂಜಲಿ ಸಭೆಯಲ್ಲಿ ಮೂವರು ಮಾತಾಡಿದರು. ಮೂವರೂ 'ಕ್ರೈಸ್ತ ಮೌಲ್ಯ' ಎಂದರು. ಕಾರವಾರದ ನಮ್ಮ ಮಿಶನ್ ಶಾಲೆಯಲ್ಲಿ ಆ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಸಮಯಕ್ಕೆ ಸರಿಯಾಗಿ ಬರುವುದಕ್ಕೂ ಅದೇ, ಮಕ್ಕಳ ಉಗುರು ನೋಡುವುದಕ್ಕೂ ಅದೇ. ಸೀಟು ಕೇಳಲು ಬರುವ ನಮ್ಮ ಅಂಕೋಲೆ ಕಡೆಯ ತಂದೆತಾಯಂದಿರಿಗೆ ಅದು ಶಿಸ್ತು ಮತ್ತು ಇಂಗ್ಲಿಷು. ಆವತ್ತು ಮಾತ್ರ ಬೇರೆ ಅರ್ಥವಿತ್ತು: ಟೀಚರ್ ತಮ್ಮ ಜೀವ ಕೊಟ್ಟು ನನ್ನನ್ನು ಉಳಿಸಿದರು.

ಅದು ಹಾಗಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮೊದಲ ಸಾಲಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಟೀಚರ ಅಕ್ಕ, ಪ್ರತಿ ಮಾತಿಗೂ ತಲೆದೂಗುತ್ತಿದ್ದರು.

ನಾನು ಪಾಠ ಮಾಡುವ ತರಗತಿಯ ಪಕ್ಕದ್ದು ಟೀಚರದು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಿನ್ನರ ಎಂಬ ಊರಿನ ಹೊಳೆದಂಡೆಯ ಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಭಾನುವಾರ ಇಗರ್ಜಿಯಿಂದ ಬಂದು, ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಇಳಿಯುವುದು ಟೀಚರ ರೂಢಿ; ನಾನೂ ಜೊತೆಗಿರುತ್ತಿದ್ದೆ. ಹೊಳೆಯ ನಡುವಿನ ಮರಳದಿಬ್ಬದಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ಪಾದದಿಂದ ಕೆದಕಿ, ಚಿಪ್ಪು ತಾಗಿದಲ್ಲಿ ಬಗ್ಗಬೇಕು. ದಿಬ್ಬದ ಅಂಚಿಗೆ ಬಲೆ ಕಟ್ಟುವವರು ನೆಟ್ಟ ಗೂಟವಿದೆ. ಅದಕ್ಕೊಂದು ಕೆಂಪು ಬಟ್ಟೆ. ಏರುವ ಭರತದ ನೀರು ಬಟ್ಟೆ ಮುಟ್ಟಿತೆಂದರೆ, ಬುಟ್ಟಿ ತುಂಬಲಿ ಬಿಡಲಿ, ಹೊರಡಬೇಕು.

"ನಿಮ್ಮ ಅಂಕೋಲೆಯವರಿಗೆ ತಿನ್ನಲಿಕ್ಕೆ ಮಾತ್ರ ಬರ್ತದೆ," ಆ ಭಾನುವಾರ ಟೀಚರ್ ನನ್ನ ಬುಟ್ಟಿ ನೋಡಿ ನಕ್ಕಿದ್ದರು.

"ನೋಡ್ತಾ ಇರಿ ಟೀಚರ್, ನಿಮಗಿಂತ ಜಾಸ್ತಿ ತಗೊಂಡೇ ಹಟ್ಟಿಕೇರಿ ಬಸ್ ಹತ್ತೋದು."

"ಹತ್ತು ಮಾರಾಯ್ತಿ. ಬಟ್ಟೆ ಮೇಲೆ ಒಂದು ಕಣ್ಣಿಡು, ನಾನು ಕನ್ನಡಕ ತಂದಿಲ್ಲ."

ಕಣ್ಣಿಟ್ಟಿದ್ದೆ. ಬಟ್ಟೆ ಒದ್ದೆಯಾದದ್ದನ್ನು ನೋಡಿದೆ. ಹೇಳಲಿಲ್ಲ. ಬುಟ್ಟಿ ಇನ್ನೂ ನಾಲ್ಕು ಬೆರಳು ಖಾಲಿ ಇತ್ತು.

ಹೊರಟಾಗ ದಂಡೆಯ ಕಡೆ ನೀರು ಎದೆಗೆ ಬಂತು. ಇಬ್ಬರಿಗೂ ಈಜು ಬಾರದು. ತಿರುಗಿ ಗೂಟದತ್ತ ಹೋದೆವು. ಟೀಚರ್ ಮೊದಲು ತಲುಪಿ ಅದನ್ನು ತಬ್ಬಿದರು. ನನ್ನ ಕಾಲಡಿಯ ಮರಳು ಜಾರಿತು. ಅವರು ಒಂದು ಕೈ ಬಿಟ್ಟು ನನ್ನತ್ತ ಚಾಚಿದರು. ಅಷ್ಟು ನಿಜ. ನಾನು ಆ ಕೈ ಹಿಡಿದೆ, ಆಮೇಲೆ ಭುಜ, ಆಮೇಲೆ ಗೂಟ. ಇಬ್ಬರ ಭಾರಕ್ಕೆ ಅದು ವಾಲತೊಡಗಿತು. ಅವರ ಇನ್ನೊಂದು ಕೈ ಗೂಟವನ್ನು ಬಿಟ್ಟಿರಲಿಲ್ಲ. ಆ ಬೆರಳುಗಳನ್ನು ನಾನೇ ಬಿಡಿಸಿದೆ. ಒಂದೊಂದಾಗಿ. ದೋಣಿ ಬರುವಾಗ ಗೂಟದಲ್ಲಿ ನಾನೊಬ್ಬಳೇ ಇದ್ದೆ.

ಈಗಲೂ ಚಾಕ್‌ಪೀಸ್ ಹಿಡಿದರೆ ಆ ಬೆರಳುಗಳು ಕೈಗೆ ಬರುತ್ತವೆ.

ಸಭೆಯಾಗಿ ಮೂರನೆಯ ವಾರ ಕಿನ್ನರಕ್ಕೆ ಹೋದೆ. ಅಕ್ಕ ಚಹಾ ಇಟ್ಟರು. "ಎಲ್ಲರೂ ಎಷ್ಟು ಚಂದ ಮಾತಾಡಿದ್ರು ಅಲ್ವಾ? ಅದೊಂದೇ ನನಗೆ ಸಮಾಧಾನ," ಎಂದರು. ಗೋರಿಯ ಕಲ್ಲಿನ ಮೇಲೆ ಬರೆಸಲು ಒಂದು ಸಾಲು ಕೇಳಿದರು. ನೀನು ಕಲಿತವಳು, ಚೆನ್ನಾಗಿ ಬರೀತೀಯ, ಎಂದರು.

ಆಗ ಹೇಳಿದೆ. ಬಟ್ಟೆಯದ್ದನ್ನೂ, ಬೆರಳಿನದ್ದನ್ನೂ.

ಚಹಾ ಕೆನೆಗಟ್ಟಿತು. ಅಕ್ಕ ಕೇಳಿದರು: "ಹಾಗಾದ್ರೆ ಅವಳು ತಾನಾಗಿ ಬಿಡಲಿಲ್ಲ?"

"ಇಲ್ಲ ಅಕ್ಕಾ."

"ಅವಳಿಗೆ ಬದುಕಬೇಕಾಗಿತ್ತು."

ನಾನು ಎದ್ದೆ. ಕೈ ಮುಗಿಯಲೂ ಧೈರ್ಯವಾಗಲಿಲ್ಲ. ಗೇಟು ದಾಟುವಾಗ ಹಿಂದಿನಿಂದ ಅವರ ಧ್ವನಿ ಬಂತು, ಟೀಚರ್ ಪ್ರತಿ ಭಾನುವಾರ ಹೇಳುತ್ತಿದ್ದ ಅದೇ ಮಾತು: "ಮನೆ ಮುಟ್ಟಿದ ಮೇಲೆ ಫೋನ್ ಮಾಡು."

ಹಟ್ಟಿಕೇರಿಯ ಮನೆ ಮುಟ್ಟಿ ಎರಡು ತಾಸಾಯಿತು. ಫೋನು ಕೈಯಲ್ಲೇ ಇದೆ.