ಶರಣಮ್ಮ ಮತ್ತು ಎಲೆ ಹೀರುವ ಯಂತ್ರ

ಶರಣಮ್ಮ, ಮರೆಪ್ಪ ದಂಪತಿ ಸುರಪುರದ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದು, ಕೋಣನಕುಂಟೆ ಸುತ್ತಿನ ಗಾರ್ಮೆಂಟ್ ಶೆಡ್ಡು, ಕಲ್ಯಾಣ ಮಂಟಪಗಳನ್ನು ಸ್ವಚ್ಛ ಮಾಡಿಕೊಡುತ್ತಿದ್ದರು. ಮುಖ್ಯ ಕೆಲಸ ಗಟರಿನದು. ಶೀಟಿನ ಸೂರಿನ ಅಂಚಿಗೆ ಮಳೆನೀರಿಗೆಂದು ಕೂರಿಸಿದ ತಗಡಿನ ಕಾಲುವೆಯಲ್ಲಿ ಎಲೆ ಕೊಳೆತು ಕಟ್ಟಿಕೊಂಡರೆ ನೀರು ಒಳಗೆ ಸೋರುತ್ತದೆ. ಮರೆಪ್ಪ ಏಣಿ ಹತ್ತಿ ಅದನ್ನು ಕೈಯಿಂದ ಬಾಚುತ್ತಿದ್ದ. ಕೆಳಗೆ ಏಣಿ ಹಿಡಿಯುವವನು ತಲಘಟ್ಟಪುರದ ರವಿಕುಮಾರ. ಗಿರಾಕಿಗಳ ಹತ್ತಿರ ಮಾತಾಡುವವನೂ ಅವನೇ. ಊಟ ಶರಣಮ್ಮನ ಮನೆಯಲ್ಲಿ, ಲಾಭದಲ್ಲಿ ಸಮಪಾಲು.

೨೦೦೬ರ ಬೇಸಿಗೆಯಲ್ಲಿ, ನೆಲದ ಮೇಲೆ ನಿಂತೇ ಉದ್ದ ಪೈಪಿನಿಂದ ಗಟರಿನ ಎಲೆ ಹೀರುವ ಯಂತ್ರ ಬಂದಿದೆಯೆಂಬ ಸುದ್ದಿ ಕೇಳಿ ಶರಣಮ್ಮನಿಗೆ ಆಸೆಯಾಯಿತು. ಗಂಡನ ಮಂಡಿ ಸೋಲುತ್ತಿತ್ತು. ಆದರೆ ಸಾಲ ಮಾಡಿ ತರುವಷ್ಟು ಉಪಯೋಗವಿದೆಯೋ ಇಲ್ಲವೋ ತಿಳಿಯದು.

"ನೀ ಹೋಗಿ ನೋಡಿ ಬಾ ತಮ್ಮಾ. ನೀ ಹೂಂ ಅಂದ್ರ ತಗೊಳ್ಳೋಣು," ಎಂದಳು.

ರವಿ ನೋಡಿ ಬಂದ. "ಬೇಡ ಅಕ್ಕ. ಒಣಗಿದ್ದು ಎಳೆಯುತ್ತೆ. ಒದ್ದೆ ಎಲೆ ಬಂದ್ರೆ ಪೈಪ್ ಕಟ್ಕೊಳ್ಳುತ್ತೆ. ನಮ್ಗೆ ಸಿಗೋದೆಲ್ಲ ಒದ್ದೆನೇ. ವೇಸ್ಟ್."

ಶರಣಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಜೂನಿನಲ್ಲಿ ಮಳೆ ಬಿದ್ದ ಮಾರನೆಯ ದಿನ ಏಣಿ ಜಾರಿ ಮರೆಪ್ಪ ಬಿದ್ದ. ಸೊಂಟದ ಮೂಳೆ ಮುರಿಯಿತು. ಆವತ್ತು ರವಿ ಜ್ವರವೆಂದು ಬಂದಿರಲಿಲ್ಲ. ಸಂಜೆ ಎಳನೀರು ಹಿಡಿದು ಆಸ್ಪತ್ರೆಗೆ ಬಂದವನು ಮಂಚದ ಪಕ್ಕ ಕೂತು ಅತ್ತ. ಶರಣಮ್ಮನೇ ಅವನ ಬೆನ್ನು ಸವರಿ ಸಮಾಧಾನ ಮಾಡಿದಳು. ಆಮೇಲೆ ಅವನು ಬರುವುದು ಕಡಿಮೆಯಾಯಿತು.

ಆಷಾಢದಲ್ಲಿ ಅವಳು ಜೆ.ಪಿ. ನಗರದ ಮಂಟಪಕ್ಕೆ ಕೆಲಸ ಕೇಳಲು ಹೋದಳು. ಮ್ಯಾನೇಜರ್ ಬದರಿನಾಥರು, "ನಿಮ್ಮ ರವಿ ಆಗ್ಲೇ ಶುರು ಮಾಡಿದಾನಲ್ಲಮ್ಮ. ಮೆಷಿನ್ ಚೆನ್ನಾಗಿದೆ," ಎಂದು ಊಟದ ಹಾಲಿನ ಹಿಂದಕ್ಕೆ ಕೈ ತೋರಿಸಿದರು.

ಅಲ್ಲಿ ರವಿ ತೋಳಿನಷ್ಟು ದಪ್ಪದ ಪೈಪು ಎತ್ತಿ ಹಿಡಿದಿದ್ದ. ಗಟರಿನ ಕಪ್ಪು ಕೆಸರು ಗೊರಗೊರ ಸದ್ದು ಮಾಡುತ್ತ ಡ್ರಮ್ಮಿಗೆ ಇಳಿಯುತ್ತಿತ್ತು. ಅವಳನ್ನು ಕಂಡು ಯಂತ್ರ ನಿಲ್ಲಿಸಿದ.

"ಒದ್ದಿ ಎಲಿ ಎಳೆಯಂಗಿಲ್ಲ ಅಂದಿದ್ದಿಯಲ್ಲ?"

"ಸಣ್ಣ ಪೈಪಲ್ಲಿ ಎಳೀಲಿಲ್ಲ ಅಕ್ಕ. ನಾನೇನೂ ಸುಳ್ಳು ಹೇಳ್ಲಿಲ್ಲ. ದೊಡ್ಡ ಪೈಪೂ ಹಾಕ್ಬೋದು ಅಂತ ಅಂಗಡಿಯವ್ರು ಅಂದ್ರು. ನೀವು ಕೇಳ್ಲಿಲ್ಲ."

"ಯಾವಾಗ ತಗೊಂಡಿ?"

"ಮೇ ತಿಂಗಳಲ್ಲಿ ಬುಕ್ ಮಾಡ್ದೆ. ನಾನೂ ಎಷ್ಟು ದಿನ ಅಂತ ಏಣಿ ಹಿಡ್ಕೊಂಡಿರ್ಲಿ?"

ಮೇ ಎಂದರೆ ಮರೆಪ್ಪ ಬೀಳುವುದಕ್ಕೂ ಮೊದಲು. ಶರಣಮ್ಮನ ಬಾಯಿಗೆ ಬೈಗುಳ ಬರಲಿಲ್ಲ. "ಎಲ್ಲಾ ಗೊತ್ತಿದ್ದೂ ಅವರನ್ನ ಏಣಿ ಹತ್ತಿಸಿದಿ," ಎಂದಷ್ಟೇ ಹೇಳಿ ಹೊರಟಳು. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು.

ಮರುವರ್ಷ ಸಾಲ ಮಾಡಿ ತಾನೂ ಒಂದು ಯಂತ್ರ ಕೊಂಡಳು. ಕೊಳ್ಳುವ ಮೊದಲು ಒಂದು ಚೀಲ ಕೊಳೆತ ಎಲೆ ಹೊತ್ತೊಯ್ದು, ಇದ್ದಬದ್ದ ಪೈಪುಗಳನ್ನೆಲ್ಲ ಹಾಕಿಸಿ ನೋಡಿದಳು. ಮನೆಗಳಿಗೆ ಅದು ದಂಡ, ಶೆಡ್ಡುಗಳಿಗೆ ಮಾತ್ರ ಗಿಟ್ಟುತ್ತದೆ ಎಂಬುದು ಅವಳಿಗೆ ಬೇಗ ತಿಳಿಯಿತು. ಹುಳಿಮಾವಿನ ಕಡೆ ಹೊಸ ಗಿರಾಕಿಗಳು ಸಿಕ್ಕರು.

ಮರೆಪ್ಪ ಕೋಲೂರಿಕೊಂಡು ಓಡಾಡುವಂತಾದ. ಒಂದು ಬೆಳಿಗ್ಗೆ ಟೀ ಅಂಗಡಿಯ ಮುಂದೆ ಅವನೂ ರವಿಯೂ ಕೂತು ನಗುತ್ತಿದ್ದುದು ಶರಣಮ್ಮನ ಕಣ್ಣಿಗೆ ಬಿತ್ತು. ಮನೆಗೆ ಬಂದ ಗಂಡ, "ಹೋಗ್ಲಿ ಬಿಡ. ಅವಂದೂ ಹೊಟ್ಟಿಪಾಡು," ಎಂದ.

ಅವಳು ಅವನ ತಟ್ಟೆಗೆ ರೊಟ್ಟಿ ಹಾಕಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಹೊರಗಿನವನಾದ ರವಿ ಮಾಡಿದ್ದಕ್ಕಿಂತ ಗಂಡ ಆಡಿದ ಈ ಮಾತು ಹೆಚ್ಚು ಉರಿಯಿತು.