ಹುಲ್ಲುಗಾಡಿಯ ನಡುಗೀಲು

ನಮ್ಮ ಯಜಮಾನರು ಮೆಟ್ಟೂರಿನ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತೋಟದ ಕೆಲಸ ಮಾಡುತ್ತಾರೆ. ಹೆಸರಿಗೆ ತೋಟ, ಕೆಲಸವೆಲ್ಲ ಅಲ್ಲಿನ ಮೈದಾನದ್ದು. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಹುಲ್ಲು ಮೊಣಕಾಲಿಗೆ ಬರುತ್ತದೆ. ಅದನ್ನು ಕತ್ತರಿಸಲು ಮೇಲೆ ಕೂತು ಓಡಿಸುವ ಗಾಡಿಯೊಂದಿದೆ. ನೋಡಲು ಪುಟ್ಟ ಟ್ರ್ಯಾಕ್ಟರು, ಹೊಟ್ಟೆಯಡಿ ಬ್ಲೇಡು ತಿರುಗುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು ಹುಲ್ಲುಗಾಡಿ.

ಅವರ ಬಲಗಾಲಿನ ಮಂಡಿಗೆ ಆಪರೇಷನ್ ಆದಮೇಲೂ ಕೆಲಸ ಉಳಿದದ್ದು ಆ ಗಾಡಿಯ ದಯೆಯಿಂದ. ತಳ್ಳುವ ಮಷೀನಿನ ಹಿಂದೆ ಬಿಸಿಲಲ್ಲಿ ಮೈದಾನ ಪೂರಾ ನಡೆಯುವುದು ಅವರಿಂದ ಇನ್ನಾಗದ ಮಾತು. ನಮ್ಮ ಮನೆದೇವರು ಮಾದಪ್ಪ ಕಾಲಿನ ಬಲ ತೆಗೆದುಕೊಂಡ, ಬದಲಿಗೆ ಕೂರಲು ಒಂದು ಸೀಟು ಕೊಟ್ಟ. ದೇವರ ಲೆಕ್ಕ ನಮಗೆ ತಿಳಿಯದು, ಆದರೂ ಕೊಟ್ಟದ್ದನ್ನು ಕೊಟ್ಟ ಅನ್ನಬೇಕಲ್ಲ.

ಆ ಗಾಡಿ ಈ ಮಳೆಗಾಲದಲ್ಲಿ ಮೊಂಡು ಹಿಡಿಯಿತು. ನೇರ ಹೋಗು ಅಂದರೆ ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಮೈದಾನದಲ್ಲಿ ಎಮ್ಮೆ ಮೇಯ್ದ ಹಾಗೆ ಅಲ್ಲಲ್ಲಿ ಹುಲ್ಲು ಉಳಿಯಿತು. ಮೇಲಿನ ಸೂಪರ್‌ವೈಸರ್ ಕೆಟ್ಟವರಲ್ಲ, ಆದರೆ ಅವರಿಗೂ ಮೇಲಿನವರಿದ್ದಾರೆ. ಸೋಮವಾರದೊಳಗೆ ಸರಿಹೋಗದಿದ್ದರೆ ಗಾಡಿಯನ್ನು ಗುಜರಿಗೆ ಹಾಕಿ ತಳ್ಳುವ ಮಷೀನು ತರಿಸುವುದಾಗಿ ಹೇಳಿಬಿಟ್ಟರು. ಅವತ್ತು ಇವರು ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

ಶನಿವಾರ ಬೆಳಿಗ್ಗೆ ದೀಪ ಹಚ್ಚಿ, ವಿಭೂತಿ ಇಟ್ಟು, ನಾನೂ ಜೊತೆಗೆ ಹೊರಟೆ. ಶೆಡ್ಡಿನ ಮುಂದೆ ಅವರು ಗಾಡಿಗೂ ವಿಭೂತಿ ಬಳಿದು ಕೆಲಸಕ್ಕೆ ಇಳಿದರು. ಮೊದಲು ನೋಡಿದ್ದು ಗಾಳಿ. ಮುಂದಿನ ಎಡಗಡೆ ಟೈರು ಮೆತ್ತಗಿತ್ತು, ಗಾಳಿ ತುಂಬಿಸಿ ಓಡಿಸಿ ನೋಡಿದರು. ಎಳೆತ ಸ್ವಲ್ಪ ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

"ನೀನು ಮೇಲೆ ಕೂತ್ಕೊ. ಇಂಜಿನ್ ಆಫಾಗೈತೆ, ಭಯ ಬೇಡ. ನಾನು ಹೇಳ್ದಾಗ ಸ್ಟೇರಿಂಗನ್ನ ಒಂಚೂರು ಈ ಕಡೆ, ಒಂಚೂರು ಆ ಕಡೆ ಆಡ್ಸು" ಎಂದರು.

ಸೆರಗು ಸಿಕ್ಕಿಸಿ ಹತ್ತಿ ಕೂತೆ. ಎದುರು ಸಾಲಿನ ಮನೆಯವಳು ನೀರಿನ ಕೊಡ ಹೊತ್ತು ಬರುತ್ತಿದ್ದವಳು ನಿಂತೇಬಿಟ್ಟಳು.

"ಏನಕ್ಕಾ, ಮಾರಿಯಮ್ಮ ಸಿಂಹದ ಮೇಲೆ ಕೂತಂಗೆ ಕೂತಿದ್ದೀಯ! ಲೈಸನ್ಸ್ ಐತಾ?"

"ಐತೆ ಕಣೆ, ರೇಷನ್ ಕಾರ್ಡಲ್ಲೇ ಬರ್ದು ಕೊಟ್ಟವ್ರೆ. ನೀನು ಓಗು, ನೀರು ಚೆಲ್ತೈತೆ!"

ನಾನು ಆಡಿಸಿದೆ, ಅವರು ಗಾಡಿಯ ಮುಂದೆ ಒಂದು ಕಾಲು ಚಾಚಿಕೊಂಡು ಕೂತು ನೋಡಿದರು. ನನ್ನ ಕೈಯ ತಿರುವು ಸ್ಟೇರಿಂಗಿನಿಂದ ಕೆಳಗಿನ ಹಲ್ಲಿನ ಚಕ್ರಕ್ಕೆ, ಅಲ್ಲಿಂದ ಕಂಬಿಗೆ, ಕಂಬಿಯಿಂದ ಮುಂಚಕ್ರಕ್ಕೆ ಹೋಗಬೇಕು. ಎಲ್ಲಿ ಒಂದು ಅಲುಗಿ ಇನ್ನೊಂದು ಸುಮ್ಮನಿರುತ್ತದೋ ಅಲ್ಲೇ ಕಾಯಿಲೆ. ಒಂದೊಂದು ಗಂಟಿನ ಮೇಲೂ ಬೆರಳಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ನಾಡಿ ನೋಡುವ ವೈದ್ಯರೂ ಅಷ್ಟು ಹೊತ್ತು ಕೈ ಹಿಡಿಯಲಾರರು. ನನಗೆ ಅವಸರ, ಮನಸ್ಸಲ್ಲೇ ದೇವರನ್ನು ಕೂಗುತ್ತಿದ್ದೆ. ಅವರಿಗೆ ಅವಸರವೇ ಇರಲಿಲ್ಲ.

ಶಂಕಗಿರಿಯಲ್ಲಿ ಲಾರಿ ರಿಪೇರಿ ಮಾಡುವ ನನ್ನ ಅಣ್ಣನಿಗೆ ಫೋನು ಹಾಕಿದೆ. ಅವನ ಹಿಂದೆ ಸುತ್ತಿಗೆ ಸದ್ದು, ಹಾರನ್ ಸದ್ದು. ಕೇಳಿಸಿಕೊಂಡು, "ತಂಗಿ, ಅಚ್ಚಿನ ನಡು ಕೀಲು ನೋಡೋಕೆ ಏಳು ಬಾವಂಗೆ, ಕೀಲು!" ಎಂದು ಕೂಗಿ ಇಟ್ಟುಬಿಟ್ಟ. ನನಗೆ ಅರ್ಥವಾಗಲೆಂದು ಇಂಗ್ಲಿಷ್ ಬಿಟ್ಟು ನಮ್ಮವ್ವನ ಮಾತು ಆಡಿದ್ದ. ನಾನೂ ಇವರಿಗೆ ಹಾಗೇ ಕೂಗಿದೆ: "ಏನುಂಗ, ಕೀಲು ನೋಡ್ಬೇಕಂತೆ!"

ಹಗಲೆಲ್ಲ ತಮಿಳಿನವರ ಜೊತೆ ಕೆಲಸ ಮಾಡುವ ಕಿವಿ ಅವರದು. ತಮಿಳಿನಲ್ಲಿ ಕೀಳೆ ಅಂದರೆ ಕೆಳಗೆ. ಪಾಪ, ಗೋಣಿಚೀಲ ಹಾಸಿ ಆ ಮಂಡಿಯನ್ನು ಎಳೆದುಕೊಂಡು ಗಾಡಿಯ ಕೆಳಗೆ ನುಸುಳಿದರು. ಕೆಳಗೆ ಎರಡು ಚಕ್ರವನ್ನೂ ಕೂಡಿಸುವ ಕಂಬಿಯ ಒಂದು ನಟ್ಟು ಸಡಿಲ ಇತ್ತು. ಬಿಗಿಮಾಡಿದರು. ಒಣಗಿದ ಹುಲ್ಲು, ಮಣ್ಣು ಎಲ್ಲ ಕೆರೆದು ಹಾಕಿದರು. ಎದ್ದಾಗ ಮುಖ ಪೂರಾ ಗ್ರೀಸು, ಹಣೆಯ ವಿಭೂತಿ ಮಾತ್ರ ಹೇಗೋ ಉಳಿದಿತ್ತು.

ಓಡಿಸಿ ನೋಡಿದರೆ ಮತ್ತೆ ಎಡಕ್ಕೇ.

"ಕೀಳೆ ಪೂರಾ ನೋಡ್ಬುಟ್ಟೆ. ಇನ್ನೇನೈತೆ ಅಲ್ಲಿ?" ಎಂದರು ಬೇಸರದಿಂದ.

"ಕೆಳಗೆ ಯಾಕೆ ಓದ್ರಿ? ಅಣ್ಣ ಏಳಿದ್ದು ಕೀಲು. ಅಚ್ಚಿನ ನಡು ಕೀಲು! ಎತ್ತಿನ ಗಾಡಿಗೆ ಇರ್ತೈತಲ್ಲ, ಅಂಗೆ."

ನನ್ನನ್ನು ಒಂದು ಗಳಿಗೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ನಿಮ್ಮಣ್ಣ ಶಂಕಗಿರೀಲಿ ಕೂತ್ಕೊಂಡು ನನ್ನ ಮಣ್ಣಲ್ಲಿ ಒರಳಾಡಿಸ್ಬುಟ್ಟ ನೋಡು" ಎಂದು ನಕ್ಕರು. ಆ ನಗು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದು ದೇವರಿಗೇ ಗೊತ್ತು.

ಮತ್ತೆ ನನ್ನನ್ನು ಕೂರಿಸಿ ಆಡಿಸಲು ಹೇಳಿದರು. ಈ ಸಲ ಚಕ್ರ, ಕಂಬಿ ಯಾವುದನ್ನೂ ನೋಡದೆ, ಎರಡು ಚಕ್ರಗಳ ನಡುವಿನ ಅಡ್ಡ ಅಚ್ಚನ್ನೇ ನೋಡಿದರು. ಅಚ್ಚು ಗಾಡಿಯ ಮೂಗಿನಡಿ ಒಂದೇ ಒಂದು ಕೀಲಿನಿಂದ ನಿಂತಿರುತ್ತದೆ. ನಾನು ಸ್ಟೇರಿಂಗು ಆಡಿಸಿದಾಗ ಚಕ್ರ ತಿರುಗುವ ಬದಲು ಇಡೀ ಅಚ್ಚು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತಿತ್ತು. "ಸಿಕ್ತು" ಎಂದರು. ದೊಡ್ಡ ಮಾತೇನಿಲ್ಲ, ಅಷ್ಟೇ.

ಮೂಗಿನಡಿ ಜಾಕಿ ಕೊಟ್ಟು ಕೀಲು ಹೊರತೆಗೆದರು. ಒಂದು ಪಕ್ಕ ಸವೆದು ಹೊಳೆಯುತ್ತಿತ್ತು. ಅದು ಕೂರುವ ತೂತಂತೂ ದುಂಡಗಿರಲಿಲ್ಲ, ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಎರಡನ್ನೂ ಅಳೆದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಲೇತ್ ಅಂಗಡಿಗೆ ಹೋಗಿ, ಹೊಸ ಕೀಲನ್ನೂ ತೂತಿನೊಳಗೆ ಕೂರಿಸುವ ಬಳೆಯಂಥ ಬುಷ್ಷನ್ನೂ ಕಡೆಸಿ ತಂದರು. ಶನಿವಾರ ಮಧ್ಯಾಹ್ನವೂ ಅಂಗಡಿ ತೆರೆದಿತ್ತು, ಕರೆಂಟೂ ಇತ್ತು. ಎರಡೂ ಒಟ್ಟಿಗೆ ಸಿಗುವುದು ಸಣ್ಣ ದಯೆಯಲ್ಲ.

ಹಾಕುವಾಗ ನಾನು ಪಕ್ಕದಲ್ಲಿ ನಿಂತು, "ಇನ್ನೂ ಬಿಗೀರಿ, ಮತ್ತೆ ಸಡಿಲಾಗ್ಬಾರ್ದು" ಎಂದೆ.

"ಬಿಗುದ್ರೆ ಕೆಡ್ತೈತೆ ಕಣೆ. ತಕ್ಕಡಿ ದಂಡಿಗೆ ನೋಡಿಲ್ವಾ? ಒಂದು ಚಕ್ರ ಗುಂಡಿಗೆ ಇಳುದ್ರೆ ಇನ್ನೊಂದು ಮೇಲೇಳ್ಬೇಕು. ಮೇಲೆ ಕೆಳಗೆ ಆಡ್ಲಿ, ಇಂದೆ ಮುಂದೆ ಆಡ್ಬಾರ್ದು." ಗ್ರೀಸು ತುಂಬಿ, ಬಿಗಿದು, ಮತ್ತೆ ಒಂಚೂರು ಬಿಟ್ಟು, ಅಚ್ಚನ್ನು ಕೈಯಲ್ಲಿ ತೂಗಿ ನೋಡಿದರು. ಇಷ್ಟು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಇಷ್ಟೇ ಸಾಕು ಎನ್ನುವುದನ್ನು ಅವರ ಕೈ ಇಷ್ಟು ಚೆನ್ನಾಗಿ ಬಲ್ಲದೆಂದು ಅವತ್ತು ಕಂಡೆ.

ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಬಂದಾಗ ನಾನು ಬೇಲಿಯ ಪಕ್ಕ ತಿಂಡಿಯ ಡಬ್ಬಿ ಹಿಡಿದು ನಿಂತಿದ್ದೆ. ಸೂಪರ್‌ವೈಸರೇ ಗಾಡಿ ಹತ್ತಿ ಕೂತು, ಮೈದಾನದ ಉದ್ದಕ್ಕೂ ಓಡಿಸಿ, ನಡುವೆ ಎರಡೂ ಕೈ ಸ್ಟೇರಿಂಗಿನಿಂದ ಎತ್ತಿಬಿಟ್ಟರು. ನನ್ನ ಬಾಯಲ್ಲಿ ದೇವರ ಹೆಸರು ಅರ್ಧಕ್ಕೆ ನಿಂತಿತು. ಗಾಡಿ ಅತ್ತಿತ್ತ ಹೊರಳದೆ ಆಚೆ ಬೇಲಿಯವರೆಗೂ ಹೋಯಿತು. ಇಳಿದು ತಮಿಳಿನಲ್ಲಿ, "ಸರಿ, ಓಡಟ್ಟುಂ" ಎಂದರು. ಓಡಲಿ ಅಂತ.

ಇವರು ತಲೆಯಾಡಿಸಿದರು. ಬಲಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟು ಸೀಟಿನ ಮೇಲೆ ಕೂತು, ಉಳಿದ ಹುಲ್ಲಿನ ಕಡೆಗೆ ಗಾಡಿ ತಿರುಗಿಸಿದರು. ಡಬ್ಬಿಯ ದೋಸೆ ತಣ್ಣಗಾಗುತ್ತಿತ್ತು. ಆಗಲಿ ಎಂದು ನಿಂತೇ ಇದ್ದೆ.